ಡ್ರೈಯರ್ ತಿರುಗದಿದ್ದರೆ ಏನು ಮಾಡಬೇಕು, ಏನು ಮಾಡಬಾರದು



ಈ ಪುಟದಲ್ಲಿ ಸಾಮಾನ್ಯವಾಗಿ ಬೋರ್ಡೋ ದ್ರಾವಣ, ನೆರಳಿನ ಮರ ಸವರುವುದು, ಅಡಿಕೆಯ ದರ್ಜೆ ಮುಂತಾದ ವಿಷಯಗಳನ್ನು ಬರೆಯುತ್ತಾ ಬಂದಿದ್ದೇವೆ. ಈ ಸಲ ಮನೆಯೊಳಗಿನ ಒಂದು ಯಂತ್ರದ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ. ಮಳೆಗಾಲ ಹಿಡಿದರೆ ಸಾಕು, ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಲೆಕ್ಕ ಮುಗಿಸಿ ಹೊರಡುವಾಗ, "ನಮ್ಮನೆ ಡ್ರೈಯರ್ ತಿರುಗ್ತಾ ಇಲ್ಲ ಸಾರ್, ಯಾರನ್ನ ಕರೆಸಲಿ?" ಎಂದು ಕೇಳುವುದು ವಾಡಿಕೆಯಾಗಿದೆ. ಗುರುಪುರದ ಕಡೆಯ ಸದಸ್ಯರೊಬ್ಬರು ಯಂತ್ರದ ಮೋಟಾರನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹುಣಸೂರಿಗೆ ಹೋಗಿ ಬಂದರು. ಮೋಟಾರು ಕಟ್ಟುವವನು ಅದನ್ನು ಪರೀಕ್ಷಿಸಿ, "ಇದಕ್ಕೇನೂ ಆಗಿಲ್ಲ" ಎಂದು ಹಿಂದಕ್ಕೆ ಕೊಟ್ಟನು. ಕೊನೆಗೆ ನೋಡಿದರೆ ಯಂತ್ರದ ಅಡಿಯಲ್ಲಿ ಇಲಿ ಒಂದು ತಂತಿಯನ್ನು ಕಡಿದಿತ್ತು. ಅರ್ಧ ದಿನದ ಕೂಲಿ, ಬಸ್ಸಿನ ಖರ್ಚು ಎರಡೂ ದಂಡ.

ಇಂಥ ಅಲೆದಾಟ ತಪ್ಪಲಿ ಎಂಬುದು ಈ ಲೇಖನದ ಒಂದು ಉದ್ದೇಶ. ಇನ್ನೊಂದು ಉದ್ದೇಶ ಇದಕ್ಕಿಂತ ದೊಡ್ಡದು. ಅದನ್ನು ಮುಂದೆ ನನ್ನ ಮನೆಯ ಅನುಭವದಿಂದಲೇ ಹೇಳುತ್ತೇನೆ.

ನಾವು ಡ್ರೈಯರ್ ಎನ್ನುವುದು ಯಾವುದನ್ನು?

ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಇರುವುದು ಎರಡು ತೊಟ್ಟಿಯ ಬಟ್ಟೆ ಒಗೆಯುವ ಯಂತ್ರ. ದೊಡ್ಡ ತೊಟ್ಟಿಯಲ್ಲಿ ಒಗೆಯುವುದು, ಪಕ್ಕದ ಸಣ್ಣ ತೊಟ್ಟಿಯಲ್ಲಿ ಹಿಂಡುವುದು. ಈ ಸಣ್ಣ ತೊಟ್ಟಿಯನ್ನೇ ಎಲ್ಲರೂ ಡ್ರೈಯರ್ ಎನ್ನುತ್ತೇವೆ. ನಿಜವಾಗಿ ಇದು ಬಟ್ಟೆಯನ್ನು ಒಣಗಿಸುವುದಿಲ್ಲ. ತೂತುಗಳಿರುವ ಟಬ್ಬು ರಭಸದಿಂದ ತಿರುಗಿ, ಬಟ್ಟೆಯಲ್ಲಿರುವ ನೀರನ್ನು ಹೊರಕ್ಕೆ ಎಸೆಯುತ್ತದೆ, ಅಷ್ಟೇ. ತಂಬಾಕಿನ ಬ್ಯಾರನ್ನಿನಲ್ಲಿ ಬೆಂಕಿಯ ಕಾವು ಒಣಗಿಸುತ್ತದೆ, ಕಾಫಿ ಕಣದಲ್ಲಿ ಬಿಸಿಲು ಒಣಗಿಸುತ್ತದೆ. ಇಲ್ಲಿ ಕಾವೂ ಇಲ್ಲ, ಬಿಸಿಲೂ ಇಲ್ಲ. ಇರುವುದು ವೇಗ ಮಾತ್ರ.

ಆ ವೇಗ ಎಷ್ಟೆಂದು ಸದಸ್ಯರು ತಿಳಿದಿರುವುದು ಒಳ್ಳೆಯದು. ಟಬ್ಬಿನ ಕೆಳಗಿನ ಮೋಟಾರು ನಿಮಿಷಕ್ಕೆ ಸುಮಾರು 1350 ಸುತ್ತು ತಿರುಗುತ್ತದೆ. ನಡುವೆ ಬೆಲ್ಟು, ಗೇರು ಯಾವುದೂ ಇಲ್ಲ. ಮೋಟಾರಿನ ದಂಡಕ್ಕೆ ಟಬ್ಬು ನೇರವಾಗಿ ಜೋಡಿಸಿರುತ್ತದೆ. ಟಬ್ಬಿನ ನಡುವಿನಿಂದ ಅಂಚಿಗೆ 12 ಸೆಂಟಿಮೀಟರ್ ಇದ್ದರೆ, ಅಂಚು ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಓಡುತ್ತಿರುತ್ತದೆ. ಬಟ್ಟೆಯ ನೀರನ್ನು ಹೊರಗೆಳೆಯುವ ಬಲ ಭೂಮಿಯ ಎಳೆತದ ಸುಮಾರು 240 ಪಟ್ಟು. ಒದ್ದೆ ಕಂಬಳಿಯನ್ನು ಇಬ್ಬರು ಹಿಡಿದು ಹಿಂಡಿದರೂ ಬಾರದ ನೀರು ಐದು ನಿಮಿಷದಲ್ಲಿ ಬರುವುದು ಈ ಬಲದಿಂದಲೇ. ಅದೇ ಬಲ ಕೈ ಬೆರಳಿನ ಮೇಲೂ ಕೆಲಸ ಮಾಡಬಲ್ಲದು. ಆದ್ದರಿಂದ ಈ ಟಬ್ಬಿಗೆ ಎರಡು ಕಾವಲುಗಳನ್ನು ಇಟ್ಟಿದ್ದಾರೆ. ಮುಚ್ಚಳ ತೆರೆದರೆ ವಿದ್ಯುತ್ತು ಕಡಿಯುವ ಒಂದು ಸ್ವಿಚ್ಚು. ಮುಚ್ಚಳ ತೆರೆದ ಕೆಲವೇ ಕ್ಷಣದಲ್ಲಿ ಟಬ್ಬನ್ನು ಹಿಡಿದು ನಿಲ್ಲಿಸುವ ಒಂದು ಬ್ರೇಕು. ಮೋಟಾರಿನ ಒಳಗೆ, ಸುರುಳಿ ಅತಿಯಾಗಿ ಕಾದರೆ ವಿದ್ಯುತ್ತು ಕಡಿಯುವ ಮೂರನೆಯ ಕಾವಲೂ ಇರುತ್ತದೆ.

ಡ್ರೈಯರ್ ತಿರುಗದಿದ್ದಾಗ ಅನೇಕ ಸಲ ಕೆಟ್ಟಿರುವುದು ಮೋಟಾರಲ್ಲ. ಈ ಮೂರು ಕಾವಲುಗಳಲ್ಲಿ ಒಂದು ತನ್ನ ಕೆಲಸ ಮಾಡಿರುತ್ತದೆ, ಇಲ್ಲವೇ ಸವೆದಿರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಕೈ ಹಾಕುವ ಮುನ್ನ

1. ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೇ ಕಿತ್ತು, ಕಣ್ಣಿಗೆ ಕಾಣುವಂತೆ ಯಂತ್ರದ ಮೇಲಿಡಬೇಕು. ಇನ್ನೊಬ್ಬರು ತಿಳಿಯದೆ ಹಾಕುವ ಸಂಭವ ತಪ್ಪುತ್ತದೆ.

2. ಬಚ್ಚಲಿನ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಂತ್ರ ಬಿಚ್ಚಬಾರದು. ಯಂತ್ರವನ್ನು ಒಣ ನೆಲಕ್ಕೆ ಸರಿಸಿಕೊಂಡು, ರಬ್ಬರ್ ಚಪ್ಪಲಿ ಮೆಟ್ಟಿ, ಮಣೆಯ ಮೇಲೆ ಕುಳಿತು ಕೆಲಸ ಮಾಡಬೇಕು.

3. ಹಿಂದಿನ ಹಲಗೆ ಬಿಚ್ಚಿದರೆ ಕೆಪಾಸಿಟರ್ ಎಂಬ ಸಣ್ಣ ಡಬ್ಬಿ ಕಾಣುತ್ತದೆ. ಪ್ಲಗ್ಗು ಕಿತ್ತ ಮೇಲೂ ಇದರಲ್ಲಿ ವಿದ್ಯುತ್ತು ನಿಂತಿರಬಹುದು. ಹೋಲ್ಡರಿನಲ್ಲಿ ಸಿಕ್ಕಿಸಿದ ಹಳೆಯ ತಂತಿಬಲ್ಬಿನ ಎರಡು ವೈರುಗಳನ್ನು ಅದರ ಎರಡು ತುದಿಗೆ ಒಂದು ಕ್ಷಣ ತಾಕಿಸಿದರೆ ಇಳಿದುಹೋಗುತ್ತದೆ. ಈಗಿನ ಎಲ್ಇಡಿ ಬಲ್ಬು ಇದಕ್ಕೆ ತಕ್ಕುದಲ್ಲ.

4. ಯಂತ್ರದ ಮೈ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಬೇರೆ ಪರೀಕ್ಷೆಗೆ ಹೋಗಲೇಬಾರದು. ಮೊದಲು ಅರ್ಥಿಂಗ್ ಸರಿಪಡಿಸಿಕೊಳ್ಳಬೇಕು, ಸೋರಿಕೆ ಎಲ್ಲಿಂದ ಎಂದು ಬಲ್ಲವರಿಂದ ನೋಡಿಸಬೇಕು. 30 ಮಿಲಿಆಂಪಿಯರಿನ ಸೋರಿಕೆ ರಕ್ಷಕವನ್ನು ಮನೆಯ ಬೋರ್ಡಿನಲ್ಲಿ ಇನ್ನೂ ಹಾಕಿಸದ ಸದಸ್ಯರು ಈ ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕೆಂದು ಕೋರುತ್ತೇನೆ.

5. ನೆರೆಯ ನೀರು ಹೊಕ್ಕ ಯಂತ್ರವನ್ನು "ನೋಡೋಣ" ಎಂದು ಚಾಲೂ ಮಾಡಬಾರದು. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿದಾಗ ಹೊಳೆಯ ಪಕ್ಕದ ಮನೆಗಳಲ್ಲಿ ಏನಾಯಿತೆಂಬುದು ನಮಗೆ ನೆನಪಿದೆ. ನೀರು ಕುಡಿದ ಮೋಟಾರನ್ನು ಬಿಚ್ಚಿ, ಒಣಗಿಸಿ, ಸೋರಿಕೆ ಪರೀಕ್ಷೆ ಆದ ಮೇಲೆಯೇ ಜೋಡಿಸಬೇಕು.

ಮೊದಲ ಪರೀಕ್ಷೆ: ಕಿವಿಗೊಟ್ಟು ಕೇಳುವುದು

ಮುಚ್ಚಳ ಹಾಕಿ, ಟೈಮರ್ ತಿರುಗಿಸಿ, ಎರಡು ಮೂರು ಸೆಕೆಂಡು ಕೇಳಿರಿ. ಅಷ್ಟು ಸಾಕು, ಕೂಡಲೇ ಆರಿಸಿರಿ. ಯಂತ್ರ ಸಂಪೂರ್ಣ ಮೌನವಾಗಿದೆಯೇ, ಅಥವಾ ಗುಂಯ್ ಎನ್ನುತ್ತಾ ತಿರುಗಲಾರದೆ ನಿಂತಿದೆಯೇ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಮೌನವೆಂದರೆ ಮೋಟಾರಿಗೆ ವಿದ್ಯುತ್ತು ತಲುಪಿಲ್ಲ. ಗುಂಯ್ ಎಂದರೆ ವಿದ್ಯುತ್ತು ತಲುಪಿದೆ, ಆದರೆ ಮೋಟಾರಿಗೆ ಶಕ್ತಿ ಸಾಲದು ಅಥವಾ ಏನೋ ಅದನ್ನು ಹಿಡಿದಿದೆ. ಗುಂಯ್ ಎನ್ನುವ ಯಂತ್ರವನ್ನು ಹಾಗೆಯೇ ಬಿಟ್ಟರೆ ಮೋಟಾರಿನ ಸುರುಳಿ ಸ್ವಲ್ಪ ಹೊತ್ತಿನಲ್ಲೇ ಕಾದು ಸುಟ್ಟುಹೋಗಬಹುದು. ಸಣ್ಣ ದೋಷ ದೊಡ್ಡ ಖರ್ಚಾಗುವುದು ಹೀಗೆ. ಮತ್ತೆ ಮತ್ತೆ ಟೈಮರ್ ತಿರುಗಿಸಿ ನೋಡುವ ಅಭ್ಯಾಸವನ್ನು ಬಿಡಬೇಕು.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಪಕ್ಕದ ಒಗೆಯುವ ತೊಟ್ಟಿಯ ಟೈಮರ್ ತಿರುಗಿಸಿರಿ. ಒಗೆಯುವ ಭಾಗ ಸರಿಯಾಗಿ ನಡೆದರೆ ಗೋಡೆಯ ಪ್ಲಗ್ಗು, ವೈರು, ವಿದ್ಯುತ್ತು ಎಲ್ಲವೂ ಬಂದಿದೆ ಎಂದರ್ಥ. ದೋಷ ಡ್ರೈಯರಿನ ಕವಲಿನಲ್ಲಿ ಮಾತ್ರ ಇದೆ. ಎರಡೂ ನಡೆಯದಿದ್ದರೆ ಯಂತ್ರವನ್ನು ಬಿಚ್ಚಬೇಡಿರಿ, ಗೋಡೆಯ ಕಡೆ ನೋಡಿರಿ.

ಯಂತ್ರ ಮೌನವಾಗಿದ್ದರೆ

ಗೋಡೆಯ ಪ್ಲಗ್ಗು: ಟೆಸ್ಟರ್ ಉರಿದ ಮಾತ್ರಕ್ಕೆ ವಿದ್ಯುತ್ತು ಸರಿಯಿದೆ ಎನ್ನುವಂತಿಲ್ಲ. ಟೆಸ್ಟರ್ ತೋರಿಸುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಚೆನ್ನಾಗಿಯೇ ಉರಿಯುತ್ತದೆ, ಕೆಲವು ಸಲ ಎರಡೂ ತೂತಿನಲ್ಲಿ ಉರಿಯುತ್ತದೆ. ಅದೇ ಪ್ಲಗ್ಗಿಗೆ ಇಸ್ತ್ರಿ ಪೆಟ್ಟಿಗೆಯನ್ನು ಹಾಕಿ ನೋಡಿರಿ. ಅದು ಸರಿಯಾಗಿ ಕಾದರೆ ಪ್ಲಗ್ಗು ಭಾರ ಹೊರಬಲ್ಲದು ಎಂದು ತಿಳಿಯುತ್ತದೆ. ಕಾಯದಿದ್ದರೆ, ಅಥವಾ ಪ್ಲಗ್ಗಿನ ಬಳಿ ಚಟಚಟ ಸದ್ದು, ಸುಟ್ಟ ವಾಸನೆ ಬಂದರೆ ಒಳಗಿನ ತಿರುಪು ಸಡಿಲವಾಗಿದೆ. ಮನೆಗೆಲ್ಲಾ ನ್ಯೂಟ್ರಲ್ ಹೋಗಿದ್ದರೆ ಅದು ಕಂಬದ ಕೆಲಸ. 1912ಕ್ಕೆ ದೂರು ಕೊಡಬೇಕೇ ಹೊರತು ನಾವು ಏಣಿ ಹಾಕತಕ್ಕದ್ದಲ್ಲ.

ಇಲಿ ಕಡಿದ ತಂತಿ: ಯಂತ್ರದ ತಳ ತೆರೆದಿರುತ್ತದೆ. ಸೋಪಿನ ವಾಸನೆ, ಬೆಚ್ಚನೆಯ ಜಾಗ, ಕತ್ತಲು ಇವು ಇಲಿಗೆ ಪ್ರಿಯ. ಪ್ಲಗ್ಗು ಕಿತ್ತು, ಹಿಂದಿನ ಹಲಗೆ ಬಿಚ್ಚಿ, ಟಾರ್ಚು ಹಿಡಿದು ಪ್ರತಿ ತಂತಿಯನ್ನೂ ಆರಂಭದಿಂದ ಕೊನೆಯವರೆಗೆ ನೋಡಬೇಕು. ಕಡಿದ ಕಡೆ ಬರಿದೇ ಹೆಣೆದು ಟೇಪು ಸುತ್ತಿದರೆ ನೀರಿನ ಯಂತ್ರಕ್ಕೆ ಸಾಲದು. ಬೆಸುಗೆ ಹಾಕಿ, ಕೊಳವೆ ಹೊದಿಸಿ, ನೀರು ಬೀಳದಷ್ಟು ಎತ್ತರಕ್ಕೆ ಕಟ್ಟಬೇಕು. ಕೆಲಸ ಮುಗಿದ ಮೇಲೆ ತಳಕ್ಕೆ ತಂತಿ ಜಾಲರಿಯನ್ನು ಬಿಗಿಯತಕ್ಕದ್ದು.

ಮುಚ್ಚಳದ ಸ್ವಿಚ್ಚು: ಮುಚ್ಚಳದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ನಾಲಗೆ ಇರುತ್ತದೆ. ಮುಚ್ಚಿದಾಗ ಅದು ಒಳಗಿನ ಸ್ವಿಚ್ಚನ್ನು ಒತ್ತುತ್ತದೆ. ನಾಲಗೆ ಮುರಿದಿದ್ದರೆ, ಮುಚ್ಚಳ ಸೊಟ್ಟಗಾಗಿದ್ದರೆ, ಸ್ವಿಚ್ಚಿನ ತಗಡಿಗೆ ಸೋಪಿನ ಪುಡಿ ಕಟ್ಟಿದ್ದರೆ, ತುಕ್ಕು ಹಿಡಿದಿದ್ದರೆ ಮೋಟಾರಿಗೆ ವಿದ್ಯುತ್ತು ಹೋಗುವುದಿಲ್ಲ. ಮುಚ್ಚಿದಾಗ ಟಕ್ ಎಂಬ ಸದ್ದು ಬರುತ್ತದೆಯೇ ಕೇಳಿರಿ. ಪ್ಲಗ್ಗು ಕಿತ್ತು ಮಲ್ಟಿಮೀಟರಿನಿಂದ ಅಳೆದರೆ ಮುಚ್ಚಿದಾಗ ಕೂಡಿರಬೇಕು, ತೆರೆದಾಗ ಕಡಿದಿರಬೇಕು.

ಟೈಮರ್: ತಿರುಗಿಸಿದ ಮೇಲೆ ಟಿಕ್ ಟಿಕ್ ಸದ್ದು ಬರುತ್ತಿದ್ದರೂ ಒಳಗಿನ ಸಂಪರ್ಕ ಸುಟ್ಟಿರಬಹುದು. ಇದನ್ನೂ ಮೀಟರಿನಿಂದಲೇ ತಿಳಿಯಬೇಕು. ಟೈಮರನ್ನು ಬಿಚ್ಚಿ ಉಜ್ಜುವುದಕ್ಕಿಂತ ಹೊಸದು ಹಾಕುವುದು ಲೇಸು.

ಮೋಟಾರಿನ ಒಳಗಿನ ಕಾವಲು: ಒಂದರ ಮೇಲೊಂದು ನಾಲ್ಕೈದು ಸಲ ಬಟ್ಟೆ ಹಾಕಿ ನಡೆಸಿದ ಮೇಲೆ ಯಂತ್ರ ಮೌನವಾಗಿದ್ದರೆ ಮೋಟಾರು ಕಾದು ಕಾವಲು ಬಿಟ್ಟುಕೊಂಡಿರಬಹುದು. ಒಂದು ಗಂಟೆ ಸುಮ್ಮನೆ ಬಿಡಬೇಕು. ಕೆಲವು ಮೋಟಾರುಗಳಲ್ಲಿ ಈ ಕಾವಲು ತಾನಾಗಿಯೇ ಕೂಡಿಕೊಳ್ಳುತ್ತದೆ, ಕೆಲವದರಲ್ಲಿ ಒಮ್ಮೆ ಹೋದರೆ ಹೋಯಿತು. ತಾನಾಗಿ ಕೂಡಿಕೊಂಡರೂ ಏಕೆ ಕಾಯಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅದಕ್ಕೆ ಉತ್ತರ ಕೆಳಗಿನ ಭಾಗದಲ್ಲಿದೆ.

ಯಂತ್ರ ಗುಂಯ್ ಎನ್ನುತ್ತಿದ್ದರೆ

ವೋಲ್ಟೇಜು: ನಮ್ಮ ಯಂತ್ರಗಳು 230 ವೋಲ್ಟಿಗೆ ಮಾಡಿದವು. ಉದ್ದನೆಯ ಲೈನಿನ ಕೊನೆಯಲ್ಲಿರುವ ನನ್ನ ಮನೆಯಲ್ಲಿ ಸಂಜೆ ಏಳರ ಹೊತ್ತಿಗೆ 170 ವೋಲ್ಟು ಇದ್ದುದನ್ನು ನಾನೇ ಅಳೆದಿದ್ದೇನೆ. ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜು ಕಾಲು ಭಾಗ ಇಳಿದರೆ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 170 ವೋಲ್ಟಿನಲ್ಲಿ ಒದ್ದೆ ಜಮಖಾನ ತುಂಬಿದ ಟಬ್ಬು ತಿರುಗದಿದ್ದರೆ ಅದು ಯಂತ್ರದ ತಪ್ಪಲ್ಲ. ಅದೇ ಬಟ್ಟೆಯನ್ನು ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಕಿ ನೋಡಿರಿ. ಚೌಕ ಅಲೆಯ ಅಗ್ಗದ ಇನ್ವರ್ಟರಿನ ಲೈನಿಗೆ ಈ ಯಂತ್ರವನ್ನು ಹಾಕುವುದೂ ಬೇಡ. ಅದರಲ್ಲಿ ಮೋಟಾರು ಗುಂಯ್ ಎನ್ನುತ್ತದೆ, ಕಾಯುತ್ತದೆ.

ಸಿಕ್ಕಿಕೊಂಡ ವಸ್ತು: ಟಬ್ಬಿಗೂ ಹೊರಗಿನ ತೊಟ್ಟಿಗೂ ನಡುವೆ ಬೆರಳಗಲದ ಸಂದು ಇದೆ. ಕಾಲುಚೀಲ, ಕರವಸ್ತ್ರ, ಮಗುವಿನ ಟೊಪ್ಪಿಗೆ ಅಲ್ಲಿಗೆ ಜಾರಿ ಟಬ್ಬಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತವೆ. ನಮ್ಮವರ ಜೇಬಿನಿಂದ ಬೀಳುವ ಕಾಫಿ ಬೀಜ, ಅಡಿಕೆ ಚೂರು, ನಾಣ್ಯ, ಮೊಳೆ ಇವೂ ಅಲ್ಲಿಯೇ ಸೇರುತ್ತವೆ. ಬಟ್ಟೆಯ ಮೇಲೆ ಒತ್ತುವ ಪ್ಲಾಸ್ಟಿಕ್ ತಟ್ಟೆಯನ್ನು ಇಡದೆ ನಡೆಸುವುದೇ ಇದಕ್ಕೆ ಮುಖ್ಯ ಕಾರಣ. ನೀರು ಹೋಗುವ ಕೊಳವೆ ಮಣ್ಣಿನಿಂದ ಕಟ್ಟಿದ್ದರೂ ತೊಟ್ಟಿಯಲ್ಲಿ ನೀರು ನಿಂತು ಟಬ್ಬನ್ನು ಹಿಡಿದು ನಿಲ್ಲಿಸುತ್ತದೆ.

ಬ್ರೇಕು: ಮುಚ್ಚಳಕ್ಕೆ ಕಟ್ಟಿದ ಒಂದು ತಂತಿ ಕೆಳಗಿನ ಬ್ರೇಕನ್ನು ಎಳೆದು ಬಿಡಿಸುತ್ತದೆ. ತಂತಿ ಹಿಗ್ಗಿದ್ದರೆ ಅಥವಾ ಕಳಚಿದ್ದರೆ ಮುಚ್ಚಳ ಹಾಕಿದರೂ ಬ್ರೇಕು ಬಿಡುವುದಿಲ್ಲ. ಮೋಟಾರು ಹಿಡಿದ ಬ್ರೇಕಿನೊಡನೆ ಹೆಣಗುತ್ತಾ ಗುಂಯ್ ಎನ್ನುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮುಚ್ಚಳ ತೆರೆದು ಟಬ್ಬನ್ನು ಕೈಯಿಂದ ತಿರುಗಿಸಿ, "ಬಿಗಿಯಾಗಿದೆ, ಮೋಟಾರು ಹಿಡಿದಿದೆ" ಎಂದು ತೀರ್ಮಾನಿಸಬಾರದು. ಮುಚ್ಚಳ ತೆರೆದಾಗ ಬಿಗಿಯಾಗಿರುವುದೇ ಸರಿಯಾದ ಸ್ಥಿತಿ. ಪ್ಲಗ್ಗು ಕಿತ್ತು, ಹಿಂದಿನಿಂದ ಬ್ರೇಕಿನ ಸನ್ನೆಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಮೋಟಾರಿನ ಜೋಡಣೆಯನ್ನು ತಿರುಗಿಸಬೇಕು. ಆಗ ಸಲೀಸಾಗಿ ತಿರುಗಿದರೆ ಯಾಂತ್ರಿಕ ತೊಂದರೆ ಇಲ್ಲ. ಆಗಲೂ ಬಿಗಿಯಿದ್ದರೆ ಬುಷ್ ಒಣಗಿದೆ, ಅಥವಾ ರಬ್ಬರ್ ಸೀಲಿನಿಂದ ನೀರು ಇಳಿದು ದಂಡಕ್ಕೆ ತುಕ್ಕು ಹಿಡಿದಿದೆ.

ಕೆಪಾಸಿಟರ್: ವೋಲ್ಟೇಜು ಸರಿಯಿದೆ, ಟಬ್ಬು ಸಲೀಸಾಗಿದೆ, ಆದರೂ ಗುಂಯ್ ಎನ್ನುತ್ತಿದೆ ಎಂದಾದರೆ ಮೊದಲ ಸಂಶಯ ಕೆಪಾಸಿಟರಿನ ಮೇಲೆ. ಒಂದೇ ಫೇಸಿನ ಮೋಟಾರಿಗೆ ತಾನಾಗಿ ಯಾವ ಕಡೆಗೆ ತಿರುಗಬೇಕೆಂಬುದು ತಿಳಿಯದು. ಎರಡನೆಯ ಸುರುಳಿಗೆ ಸ್ವಲ್ಪ ಸಮಯ ವ್ಯತ್ಯಾಸದಲ್ಲಿ ವಿದ್ಯುತ್ತು ಕೊಟ್ಟು ಅದನ್ನು ಹೊರಡಿಸುವುದೇ ಕೆಪಾಸಿಟರಿನ ಕೆಲಸ. ಅದು ಬತ್ತಿದರೆ ಮೋಟಾರು ನಿಂತಲ್ಲೇ ನಡುಗುತ್ತದೆ. ಸೀಲಿಂಗ್ ಫ್ಯಾನು ಹೊರಡದಿದ್ದಾಗ ಕೋಲಿನಿಂದ ತಳ್ಳುತ್ತೇವಲ್ಲ, ಅದೇ ಕಾಯಿಲೆ. ಆದರೆ ಇಲ್ಲಿ ಕೈಯಿಂದಾಗಲಿ ಕೋಲಿನಿಂದಾಗಲಿ ತಳ್ಳುವ ಪರೀಕ್ಷೆ ಕೂಡದು. ಕೆಪಾಸಿಟರ್ ಅಳೆಯುವ ಮೀಟರಿನಿಂದ ನೋಡಬೇಕು, ಇಲ್ಲವೇ ಅದೇ ಅಳತೆಯ ಹೊಸದನ್ನು ಹಾಕಿ ನೋಡಬೇಕು. ಡ್ರೈಯರಿನ ಮೋಟಾರಿಗೆ ಸಾಮಾನ್ಯವಾಗಿ 4ರಿಂದ 6 ಮೈಕ್ರೋಫ್ಯಾರಡ್, ಒಗೆಯುವ ಮೋಟಾರಿಗೆ 10ರ ಆಸುಪಾಸು ಇರುತ್ತದೆ. ಕೆಲವು ಯಂತ್ರಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಡಬ್ಬಿಯ ಮೇಲೆ ಬರೆದ ಅಂಕಿಯನ್ನೇ ತರಬೇಕು. ಹೆಚ್ಚಿನದು ಹಾಕಿದರೆ ಹೆಚ್ಚು ಬಲ ಬಂದೀತೆಂದು ದೊಡ್ಡದನ್ನು ಹಾಕಿದರೆ ಎರಡನೆಯ ಸುರುಳಿ ಕಾದು ಹೋಗುತ್ತದೆ. ಬೆಲೆಯಲ್ಲಿ ಇದು ಮೋಟಾರಿನ ಮುಂದೆ ಬಹಳ ಸಣ್ಣ ವಸ್ತು.

ಸುರುಳಿ: ಇಷ್ಟೆಲ್ಲಾ ಸರಿಯಿದ್ದು ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿದ್ದರೆ, ಅಥವಾ ಮೀಟರಿನಲ್ಲಿ ಸುರುಳಿಯ ಒಂದು ಭಾಗ ಕಡಿದಂತೆ ತೋರಿದರೆ, ಆಗ ಮಾತ್ರ ಮೋಟಾರು ಬಿಚ್ಚಿ ಹುಣಸೂರಿಗೋ ಪಿರಿಯಾಪಟ್ಟಣಕ್ಕೋ ಒಯ್ಯಬೇಕು. ಅದು ಪಟ್ಟಿಯಲ್ಲಿ ಕೊನೆಯದು, ಮೊದಲನೆಯದಲ್ಲ.

ನನ್ನ ಮನೆಯಲ್ಲಿ ನಡೆದದ್ದು

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುವುದೇ ಸರಿ ಎಂದು ನನ್ನ ಶ್ರೀಮತಿಯವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಅದು ಮೇಲೆ ಹೇಳಿದ 2019ರ ಆಗಸ್ಟ್ ತಿಂಗಳೇ. ಹತ್ತು ಹನ್ನೆರಡು ದಿನ ಬಿಸಿಲಿನ ಮುಖ ಕಂಡಿರಲಿಲ್ಲ. ಮನೆಯ ಬಟ್ಟೆ, ತೋಟದಿಂದ ಬಂದ ಕೆಸರು ಬಟ್ಟೆ ಎಲ್ಲವೂ ಹಜಾರದ ಹಗ್ಗದ ಮೇಲೆ ಮುಗ್ಗಲು ವಾಸನೆ ಹಿಡಿದಿದ್ದವು. ಆಗ ಡ್ರೈಯರ್ ನಿಂತಿತು. ಬಿಚ್ಚಿ ನೋಡಿದರೆ ಮುಚ್ಚಳದ ಪ್ಲಾಸ್ಟಿಕ್ ನಾಲಗೆ ಮುರಿದಿತ್ತು. ಹೊಸ ಮುಚ್ಚಳ ಮೈಸೂರಿನಿಂದ ಬರಬೇಕಿತ್ತು, ದಾರಿಯಲ್ಲಿ ನೀರು. ನಾನು ಪದವೀಧರ, ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿದವನು ಎಂಬ ಅಭಿಮಾನ ಬೇರೆ. ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಕೂಡಿಸಿ ಟೇಪು ಸುತ್ತಿದೆ. ಡ್ರೈಯರ್ ತಿರುಗಿತು. ಮನೆಯವರೆಲ್ಲ ಮೆಚ್ಚಿದರು.

ಅಂದಿನಿಂದ ಮುಚ್ಚಳ ತೆರೆದರೂ ಮೋಟಾರು ನಿಲ್ಲುತ್ತಿರಲಿಲ್ಲ. ಬ್ರೇಕು ಒಂದು ಕಡೆ ಹಿಡಿಯುತ್ತಿತ್ತು, ಮೋಟಾರು ಇನ್ನೊಂದು ಕಡೆ ಎಳೆಯುತ್ತಿತ್ತು. ಎರಡು ವಾರದಲ್ಲಿ ಬ್ರೇಕಿನ ಪಟ್ಟಿ ಸವೆದುಹೋಯಿತು. ನನಗೆ ಅದು ತಿಳಿಯಲೂ ಇಲ್ಲ.

ಒಂದು ಮಧ್ಯಾಹ್ನ ಡ್ರೈಯರ್ ನಡೆಯುತ್ತಿರುವಾಗಲೇ ಕರೆಂಟು ಹೋಯಿತು. ಟಬ್ಬು ನಿಂತಿತು. ಕರೆಂಟು ಯಾವಾಗ ಬಂದೀತೋ, ಅಷ್ಟು ಹಿಂಡಿದ್ದು ಸಾಕು ಎಂದು ಶ್ರೀಮತಿಯವರು ಮುಚ್ಚಳ ತೆಗೆದು ಸೀರೆಯನ್ನು ಎಳೆಯಲು ಬಲಗೈ ಹಾಕಿದರು. ಟೈಮರಿನಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು. ಕರೆಂಟು ಬಂದುಬಿಟ್ಟಿತು.

ಸೀರೆಯ ಸೆರಗು ಅವರ ಕೈಗೆ ಸುತ್ತಿಕೊಂಡಿತು. ಎರಡು ಬೆರಳು ಮುರಿದವು. ಪ್ಲಗ್ಗು ಕಿತ್ತದ್ದು ಪಕ್ಕದಲ್ಲಿದ್ದ ಮಗಳು. ಅವಳು ಅಲ್ಲಿ ಇರದಿದ್ದರೆ ಎಂಬುದನ್ನು ನಾನು ಇಂದಿಗೂ ಯೋಚಿಸಲು ಇಷ್ಟಪಡುವುದಿಲ್ಲ. ಆರು ವಾರ ಕೈಗೆ ಪಟ್ಟಿ. ಆ ವರ್ಷದ ಗೌರಿ ಹಬ್ಬಕ್ಕೆ ಬಾಗಿನದ ಮೊರವನ್ನು ಅವರು ಒಬ್ಬರೇ ಹಿಡಿಯಲಾಗದೆ ಮಗಳು ಕೆಳಗಿನಿಂದ ಆಸರೆ ಕೊಟ್ಟಳು. ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ಕರೆಂಟು ಹೋಗಿ ಬರುವುದು ನಮಗೆ ಹೊಸದೂ ಅಲ್ಲ. ಮುಚ್ಚಳ ತೆರೆದಿರುವಾಗ ಕರೆಂಟು ಬಂದರೆ ಏನಾಗಬಾರದು ಎಂದು ಯಂತ್ರ ಮಾಡಿದವರು ಯೋಚಿಸಿ ಆ ಸ್ವಿಚ್ಚನ್ನು ಇಟ್ಟಿದ್ದರು. ನಾನು ಅದನ್ನು ತೆಗೆದೆ. ಎಷ್ಟೋ ಮನೆಗಳಲ್ಲಿ ಇದೇ ಜೋಡಣೆ ಈಗಲೂ ಇದೆ ಎಂದು ನನಗೆ ಗೊತ್ತು. ಪರೀಕ್ಷೆ ಸುಲಭ: ಖಾಲಿ ಟಬ್ಬು ತಿರುಗುವಾಗ ಮುಚ್ಚಳ ಎತ್ತಿರಿ, ಕೈ ದೂರವಿರಲಿ. ಮೋಟಾರಿನ ಸದ್ದು ಕೂಡಲೇ ನಿಂತು, ಟಬ್ಬು ಕೆಲವು ಕ್ಷಣದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಅಂದೇ ಪ್ಲಗ್ಗು ಕಿತ್ತಿಡಿರಿ. ಸರಿಯಾಗುವವರೆಗೆ ಬಟ್ಟೆಯನ್ನು ಕೈಯಲ್ಲಿ ಹಿಂಡೋಣ. ನಮ್ಮ ತಾಯಂದಿರು ಹಿಂಡಿರಲಿಲ್ಲವೇ?

ಬಿಸಿಗಾಳಿಯ ಡ್ರೈಯರ್ ಇರುವವರಿಗೆ

ಕೊಡಗಿನ ಗಡಿಯ ಕಡೆ, ಹೋಂಸ್ಟೇ ನಡೆಸುವ ಕೆಲವು ಸದಸ್ಯರು ಬಿಸಿಗಾಳಿಯಿಂದ ಒಣಗಿಸುವ ನಿಜವಾದ ಡ್ರೈಯರನ್ನು ತಂದಿದ್ದಾರೆ. ಅದು ಹೊರಡದಿದ್ದರೆ ನೋಡುವ ಕ್ರಮವೂ ಇದೇ: ಪ್ಲಗ್ಗು, ಬಾಗಿಲಿನ ಸ್ವಿಚ್ಚು, ಡ್ರಮ್ಮಿನ ಬೆಲ್ಟು, ಕಾವಿನ ಫ್ಯೂಸು, ಮೋಟಾರು. ಕಾವಿನ ಫ್ಯೂಸು ಒಮ್ಮೆ ಹೋದರೆ ಮತ್ತೆ ಕೂಡುವಂಥದ್ದಲ್ಲ, ಹೊಸದನ್ನೇ ಹಾಕಬೇಕು. ಆದರೆ ಅದು ಹೋದದ್ದೇಕೆ? ಹೆಚ್ಚಾಗಿ, ಬಟ್ಟೆಯ ನೂಲಿನ ಧೂಳು ಜಾಲರಿಯಲ್ಲಿ, ಗಾಳಿಯ ಕೊಳವೆಯಲ್ಲಿ ಕಟ್ಟಿ ಬಿಸಿಗಾಳಿ ಹೊರಗೆ ಹೋಗದಿದ್ದರೆ ಹೋಗುತ್ತದೆ. ಆ ಧೂಳು ಅರಳೆಯಂತೆ ಹೊತ್ತಿಕೊಳ್ಳುವ ವಸ್ತು. ಫ್ಯೂಸಿನ ಜಾಗಕ್ಕೆ ತಂತಿ ಕಟ್ಟಿದರೆ ಯಂತ್ರ ಹೊರಡುತ್ತದೆ, ಮನೆಗೆ ಬೆಂಕಿಯನ್ನೂ ಹಚ್ಚಬಲ್ಲದು. ಜಾಲರಿಯನ್ನು ಪ್ರತಿ ಸಲ, ಕೊಳವೆಯನ್ನು ಆಗಾಗ್ಗೆ ಶುಚಿ ಮಾಡುವುದೇ ಇದಕ್ಕೆ ಮದ್ದು.

ತೋಟದ ಯಂತ್ರಗಳಿಗೂ ಇದೇ ಪಾಠ

ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರ್, ಬ್ಲೋವರ್ ಇವುಗಳಲ್ಲೂ ಮೌನ ಮತ್ತು ಗುಂಯ್ ಸದ್ದಿನ ಭೇದ ಹಾಗೆಯೇ ಅನ್ವಯಿಸುತ್ತದೆ. ಮೂರು ಫೇಸಿನ ಮೋಟಾರು ಗುಂಯ್ ಎಂದರೆ ಮೊದಲು ಒಂದು ಫೇಸು ಹೋಗಿದೆಯೇ ನೋಡಬೇಕು. ಎರಡು ಫೇಸಿನಲ್ಲಿ ಹೊರಡಿಸಲು ಹಟ ಹಿಡಿದರೆ ಸುರುಳಿ ಸುಡುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬಿಟ್ಟುಕೊಳ್ಳುತ್ತದೆ ಎಂದು ಅದರ ಮುಳ್ಳನ್ನು ಮೇಲಕ್ಕೆ ತಿರುಗಿಸಿ ಇಡುವವರಿದ್ದಾರೆ, ಕಡ್ಡಿ ಸಿಕ್ಕಿಸಿ ಒತ್ತಿಹಿಡಿಯುವವರೂ ಇದ್ದಾರೆ. ಸುಲಿಯುವ ಯಂತ್ರದ ಬೆಲ್ಟಿನ ಮೇಲಿನ ತಗಡನ್ನು ಬಿಚ್ಚಿ ಮೂಲೆಗೆ ಎಸೆದವರೂ ಇದ್ದಾರೆ. ಕಾವಲು ಬಿದ್ದಾಗ ಅದು ಏಕೆ ಬಿತ್ತು ಎಂದು ಹುಡುಕಬೇಕು. ಕಾವಲನ್ನೇ ತೆಗೆದು ಹಾಕುವುದು ರಿಪೇರಿಯಲ್ಲ. ಈ ಲೇಖನದಲ್ಲಿ ಸದಸ್ಯರು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ಪ್ರಾರ್ಥನೆ.

ಕೆಲವು ನಿತ್ಯದ ಸೂಚನೆಗಳು

1. ಬಟ್ಟೆ ಹಾಕುವ ಮುನ್ನ ಜೇಬುಗಳನ್ನು ನೋಡಬೇಕು. ಕೆಸರಿನ ಬಟ್ಟೆಯನ್ನು ಮೊದಲು ಹೊರಗೆ ಜಾಲಿಸಿಕೊಳ್ಳಬೇಕು.

2. ಬೋರ್ಡೋ ಸಿಂಪಡಿಸಿದ ಬಟ್ಟೆಯಲ್ಲಿ ಸುಣ್ಣದ ಕಣ, ಮೈಲುತುತ್ತ ಎರಡೂ ಇರುತ್ತವೆ. ಅದನ್ನು ಮನೆಯ ಬಟ್ಟೆಯೊಡನೆ ಹಾಕಬಾರದು. ಬೇರೆ ಬಕೆಟ್ಟಿನಲ್ಲಿ ಕೈಯಿಂದ ಒಗೆಯುವುದು ಯಂತ್ರಕ್ಕೂ ಮಕ್ಕಳಿಗೂ ಕ್ಷೇಮ.

3. ಟಬ್ಬಿನಲ್ಲಿ ಬಟ್ಟೆಯನ್ನು ಸುತ್ತಲೂ ಸಮನಾಗಿ ಹರಡಿ, ಮೇಲೆ ತಟ್ಟೆ ಒತ್ತಬೇಕು. ಕಂಬಳಿ, ಉಣ್ಣೆಯ ಸ್ವೆಟರ್ ಬಹಳ ನೀರು ಹಿಡಿಯುತ್ತವೆ. ಅವನ್ನು ಒಂದೊಂದಾಗಿ ಹಾಕಬೇಕು. ಯಂತ್ರ ದಡದಡ ಎಂದು ಕುಣಿದರೆ ನಿಲ್ಲಿಸಿ ಮತ್ತೆ ಹರಡಬೇಕು.

4. ಕರೆಂಟು ಹೋದರೆ ಮೊದಲು ಟೈಮರನ್ನು ಸೊನ್ನೆಗೆ ತಿರುಗಿಸಿ, ಪ್ಲಗ್ಗು ಕಿತ್ತು, ಆಮೇಲೆ ಕೈ ಹಾಕಬೇಕು. ಸ್ವಿಚ್ಚು ಸರಿಯಿದ್ದರೂ ಇದು ರೂಢಿಯಾಗಲಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ತಪ್ಪದೆ ಹೇಳಿಕೊಡಬೇಕು.

5. ಮೆಕ್ಯಾನಿಕ್ಕನ್ನು ಕರೆಯುವಾಗ "ತಿರುಗುತ್ತಿಲ್ಲ" ಎಂದಷ್ಟೇ ಹೇಳಬೇಡಿರಿ. ಮೌನವೋ ಗುಂಯ್ ಸದ್ದೋ, ಒಗೆಯುವ ಭಾಗ ನಡೆಯುತ್ತಿದೆಯೋ ಇಲ್ಲವೋ, ವೋಲ್ಟೇಜು ಎಷ್ಟು, ಕೆಪಾಸಿಟರಿನ ಮೇಲೆ ಯಾವ ಅಂಕಿ ಇದೆ ಎಂಬ ನಾಲ್ಕು ಮಾತು ಹೇಳಿದರೆ ಅವನು ಸರಿಯಾದ ಭಾಗವನ್ನು ಹಿಡಿದೇ ಬರುತ್ತಾನೆ. ಎರಡನೆಯ ಸಲದ ಬಾಡಿಗೆ ಉಳಿಯುತ್ತದೆ.

ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರನ್ನು ಇಟ್ಟಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಂದು ದಿನದ ಮಟ್ಟಿಗೆ ಒಯ್ಯಬಹುದು. ಬಳಸುವ ಕ್ರಮ ತಿಳಿಯದವರು ಸಂತೆಯ ದಿನ ಬಂದರೆ ತೋರಿಸಿಕೊಡಲು ನಾನು ಸಿದ್ಧನಿದ್ದೇನೆ. ನಿಮ್ಮ ಮನೆಯ ಮುಚ್ಚಳದ ಸ್ವಿಚ್ಚನ್ನು ಇಂದೇ ಒಮ್ಮೆ ಪರೀಕ್ಷಿಸಿ ನೋಡಬೇಕೆಂದು ಕೋರುತ್ತಾ ಈ ಲೇಖನವನ್ನು ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ